ಚುಟ್ಕಿಗೆ ನ್ಯಾಯ ಕೇಳುವವರೇ, ಕನ್ನಡದಲ್ಲಿ ಕೇಳಿ!



ಹೋದ ತಿಂಗಳು ಶಿಡ್ಲಘಟ್ಟದ ನಮ್ಮ ಪ್ರೆಸ್ಸಿಗೆ ಇಬ್ಬರು ಪಿಯುಸಿ ಹುಡುಗರು ಬಂದರು. ಒಬ್ಬನ ಅಕ್ಕನ ಮಗನಿಗೆ ಮೊದಲ ಹುಟ್ಟುಹಬ್ಬ. ಕಾರ್ಡು ಬೇಕು, ಕಾರ್ಡಿನ ಮೇಲೆ ಛೋಟಾ ಭೀಮ್ ಇರಬೇಕು. ಸರಿ ಎಂದೆ. "ಪಕ್ಕದಲ್ಲಿ ಚುಟ್ಕೀನೂ ಇರ್ಲಿ ಅಣ್ಣಾ" ಎಂದ ಒಬ್ಬ. "ಅವಳ್ಯಾಕೋ ಮಗಾ, ಇಂದುಮತೀನ ಹಾಕ್ಸು" ಎಂದ ಇನ್ನೊಬ್ಬ. ಅಷ್ಟೇ! ಕಾರ್ಡು ಮರೆತುಹೋಯಿತು. ಅರ್ಧ ಗಂಟೆ ನನ್ನ ಟೇಬಲ್ ಮುಂದೆ ನ್ಯಾಯ ಪಂಚಾಯಿತಿ ನಡೆಯಿತು.

ಈ ಜಗಳ ಅವರಿಬ್ಬರದೇ ಅಲ್ಲ. 2020ರ ಜೂನ್ ತಿಂಗಳು, ಕೊರೋನಾ ಕಾಲ, ದೇಶವೆಲ್ಲ ಮನೆಯಲ್ಲಿ ಕೂತಿತ್ತು. ಢೋಲಕ್‌ಪುರದ ಭೀಮ ಬಾಲ್ಯದ ಗೆಳತಿ ಚುಟ್ಕಿಯನ್ನು ಬಿಟ್ಟು ರಾಜಕುಮಾರಿ ಇಂದುಮತಿಯನ್ನು ಮದುವೆಯಾದ ಎಂದು ಎಲ್ಲಿಂದಲೋ ಸುದ್ದಿ ಹಬ್ಬಿತು. ಟ್ವಿಟರ್ ತುಂಬ "ಜಸ್ಟಿಸ್ ಫಾರ್ ಚುಟ್ಕಿ" ಎಂಬ ಕೂಗು! ಲಾಡು ಕೊಟ್ಟವಳು ಅವಳು, ಕಷ್ಟಕ್ಕೆ ಆದವಳು ಅವಳು, ಕಿರೀಟ ನೋಡಿ ಭೀಮ ಬದಲಾದನೇ ಎಂದು ಬೆಳೆದ ಹುಡುಗರು ಕಣ್ಣೀರಿಟ್ಟರು. ಕೊನೆಗೆ ಆ ಕಾರ್ಟೂನು ತಯಾರಿಸುವ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯೇ ಹೇಳಿಕೆ ಕೊಡಬೇಕಾಯಿತು: ಮದುವೆಯ ಸುದ್ದಿ ಸುಳ್ಳು, ಅವರೆಲ್ಲ ಇನ್ನೂ ಚಿಕ್ಕ ಮಕ್ಕಳು ಎಂದು.

ಕೇಳಿ ನಗಬೇಡಿ. ನಾನೂ ನಗಲಿಲ್ಲ. ಆ ಇಬ್ಬರು ಹುಡುಗರ ವಾದ ಅಷ್ಟು ಚೆನ್ನಾಗಿತ್ತು. ರಾಜ ಇಂದ್ರವರ್ಮನಿಗೆ ಸೈನ್ಯ ಇದೆ, ಸೇನಾಪತಿ ಇದ್ದಾನೆ, ಆದರೂ ಶತ್ರು ಬಂದಾಗಲೆಲ್ಲ ಒಂಬತ್ತು ವರ್ಷದ ಹುಡುಗನನ್ನು ಯಾಕೆ ಕರೆಯುತ್ತಾನೆ? ಲಾಡು ತಿಂದರೆ ಬಲ ಬರುವುದಾದರೆ ಕಾಲಿಯಾ ಕೂಡ ತಿನ್ನುತ್ತಾನಲ್ಲ, ಅವನಿಗೆ ಯಾಕೆ ಬರಲಿಲ್ಲ? ಬಲ ಇರುವುದು ಲಾಡಿನಲ್ಲೋ ಭೀಮನಲ್ಲೋ? ಪ್ರತಿ ಸಲ ಸೋತರೂ ಕಾಲಿಯಾನನ್ನು ಊರಿಂದ ಓಡಿಸದೆ ಮತ್ತೆ ಆಟಕ್ಕೆ ಸೇರಿಸಿಕೊಳ್ಳುವುದು ಭೀಮನ ದೊಡ್ಡತನವೋ ದಡ್ಡತನವೋ? ಇವು ಚಿಲ್ಲರೆ ಪ್ರಶ್ನೆಗಳಲ್ಲ. ಅಧಿಕಾರ ಇದ್ದವನ ಹೊಣೆ ಏನು, ಶತ್ರುವನ್ನು ಎಷ್ಟು ಸಲ ಕ್ಷಮಿಸಬೇಕು ಎಂಬ ಪ್ರಶ್ನೆಗಳು.

ನನಗೆ ಚುಚ್ಚಿದ್ದು ಬೇರೆ. ಇಬ್ಬರ ಮನೆಯಲ್ಲೂ ತೆಲುಗು, ಇಬ್ಬರ ಸ್ನೇಹ ಕನ್ನಡದಲ್ಲಿ. ಅದು ನಮ್ಮ ಸೀಮೆಯ ನಡೆ, ಅದರಲ್ಲಿ ತಪ್ಪಿಲ್ಲ. ಆದರೆ ಭೀಮನ ಮಾತು ಹೇಳಬೇಕಾದಾಗ ಅವರು ಹಿಂದಿಗೆ ಹಾರುತ್ತಿದ್ದರು. ವಾದ ಬಿಗಿಯಾದಾಗ ಇಂಗ್ಲಿಷಿಗೆ ಹತ್ತುತ್ತಿದ್ದರು. ಕನ್ನಡ ಉಳಿದದ್ದು ಒಬ್ಬರನ್ನೊಬ್ಬರು ಬೈಯುವುದಕ್ಕೆ ಮಾತ್ರ!

ಯಾವ ಭಾಷೆಯಲ್ಲಿ ಹುಡುಗರು ಬರೀ ಬೈದಾಡುತ್ತಾರೋ ಆ ಭಾಷೆಗೆ ಆಯುಷ್ಯ ಕಡಿಮೆ. ಯಾವ ಭಾಷೆಯಲ್ಲಿ ವಾದ ಮಾಡುತ್ತಾರೋ ಅದು ಬಾಳುತ್ತದೆ. ಈ ಸಲ ನಿಮಗೆ ಹೇಳಬೇಕಾದದ್ದು ಇಷ್ಟೇ.

ಒಂದು ಸಂಗತಿ ನೆನಪು ಮಾಡಿಕೊಳ್ಳಿ. ಭೀಮ ಯಾರ ಊರಿನವನು? ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋಗಿ ನೋಡಿ. ಅದೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎನ್ನುತ್ತದೆ ಸ್ಥಳಪುರಾಣ. ಭೀಮಲಿಂಗೇಶ್ವರನ ಗುಡಿ ಇದೆ. ಗೌರಿಬಿದನೂರಿನ ವಿದುರಾಶ್ವತ್ಥಕ್ಕೆ ಬನ್ನಿ, ವಿದುರ ನೆಟ್ಟ ಅರಳಿಮರದ ಕಥೆ. ನಮ್ಮ ಜಿಲ್ಲೆಯಲ್ಲಿ ಮಹಾಭಾರತ ಪುಸ್ತಕದಲ್ಲಿಲ್ಲ, ಬಸ್ಸಿನ ಬೋರ್ಡಿನಲ್ಲಿದೆ. ಹಾಗಿದ್ದೂ ನಮ್ಮ ಮಕ್ಕಳ ಭೀಮ ಢೋಲಕ್‌ಪುರದವನಾದ, ಹಿಂದಿ ಆಡಿದ.

ಇದು ನನ್ನ ಮನೆಯಲ್ಲೇ ಆಗಿದೆ. ಸುಮಾರು 2010ನೇ ಇಸವಿ. ಮಗಳಿಗೆ ಆಗ ನಾಲ್ಕು ವರ್ಷ. ನನ್ನ ತಾಯಿ ಮುದ್ದೆ ಮುರಿದು ಸಾರಿಗೆ ಅದ್ದಿ ತಿನ್ನಿಸುತ್ತ ಬಕಾಸುರನ ಕಥೆ ಹೇಳುತ್ತಿದ್ದರು. ಭೀಮ ಒಂದು ಬಂಡಿ ಅನ್ನವನ್ನು ರಾಕ್ಷಸನ ಎದುರೇ ಕೂತು ತಿಂದ, ಬೆನ್ನಿಗೆ ಗುದ್ದಿದರೂ ತಿರುಗಿ ನೋಡಲಿಲ್ಲ ಎಂದರೆ ಮಕ್ಕಳು ಇನ್ನೊಂದು ತುತ್ತಿಗೆ ಬಾಯಿ ತೆರೆಯಬೇಕು, ಅದು ನಮ್ಮ ಕಡೆಯ ಉಪಾಯ. ನನ್ನ ಮಗಳು ಬಾಯಿ ತೆರೆಯಲಿಲ್ಲ. ಟಿವಿಯಲ್ಲಿ ಕಲಿತ ಹಿಂದಿಯಲ್ಲಿ ಅಜ್ಜಿಯನ್ನು ತಿದ್ದಲು ಹೋದಳು. ಭೀಮ ತಿನ್ನುವುದು ಅನ್ನವಲ್ಲ, ಲಾಡು. ಅವನಿಗೆ ಅಣ್ಣತಮ್ಮಂದಿರಿಲ್ಲ, ರಾಜು ಇದ್ದಾನೆ, ಜಗ್ಗು ಕೋತಿ ಇದೆ. ಅಜ್ಜಿಗೆ ಅರ್ಧ ಅರ್ಥವಾಗಲಿಲ್ಲ. ಭೀಮನಿಗೆ ಧರ್ಮರಾಯ ಇಲ್ಲವೇನೇ, ಅರ್ಜುನ ಇಲ್ಲವೇನೇ ಎಂದು ಕೇಳಿದರು. ಮಗುವಿಗೆ ಆ ಹೆಸರುಗಳು ಗೊತ್ತಿಲ್ಲ. ಇಬ್ಬರೂ ಸುಮ್ಮನಾದರು.

ಆ ಮೌನ ಇದೆಯಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಎಂಥ ಒಳ್ಳೆಯ ಜಗಳ ಆಗಬಹುದಿತ್ತು! ಯಾರ ಭೀಮ ದೊಡ್ಡವನು, ನಿನ್ನವನೋ ನನ್ನವನೋ ಎಂದು ಎಪ್ಪತ್ತರ ಅಜ್ಜಿಯೂ ನಾಲ್ಕರ ಮೊಮ್ಮಗಳೂ ಕಾದಾಡಬಹುದಿತ್ತು. ಅಂಥ ಜಗಳದಲ್ಲೇ ಕಥೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು. ನಡುವೆ ಸೇತುವೆ ಇರಲಿಲ್ಲ. ತಾಯಿ ಈಗಿಲ್ಲ. ಆ ಜಗಳ ಇನ್ನು ಆಗುವುದಿಲ್ಲ.

ಕಾರ್ಟೂನನ್ನು ಬೈದು ಪ್ರಯೋಜನವಿಲ್ಲ. ಹೈದರಾಬಾದಿನವರು 2008ರಲ್ಲಿ ಭೀಮನನ್ನು ಮಗು ಮಾಡಿ ಮಕ್ಕಳ ಕೈಗೆ ಕೊಟ್ಟರು, ಮಕ್ಕಳು ಒಪ್ಪಿಕೊಂಡರು. ಕಥೆ ಬದಲಾಯಿಸಿದರು ಎನ್ನುವಿರಾ? ಬದಲಾಯಿಸುವುದನ್ನು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! 941ರಲ್ಲಿ ಪಂಪ ಭಾರತ ಬರೆದಾಗ ದ್ರೌಪದಿಯನ್ನು ಐವರಿಗೆ ಕೊಡಲಿಲ್ಲ, ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದ. ಹಾಗಾದರೆ ಅವಳ ಮುಡಿ ಕಟ್ಟುವ ಶಪಥ ಭೀಮ ಯಾಕೆ ಮಾಡಬೇಕು, ಗಂಡ ಅರ್ಜುನ ಏನು ಮಾಡುತ್ತಿದ್ದ? ಅಲ್ಲಿ ಕಥೆ ಕುಂಟುತ್ತದೆ ಎಂದು ವಿದ್ವಾಂಸರು ತಕರಾರು ಎತ್ತಿದ್ದಾರೆ. ಅಷ್ಟೇ ಅಲ್ಲ, ಕೊನೆಯ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕ ಕೂತದ್ದು ದ್ರೌಪದಿಯಲ್ಲ, ಸುಭದ್ರೆ! ಕಷ್ಟಪಟ್ಟವಳು ಒಬ್ಬಳು, ಪಟ್ಟ ಇನ್ನೊಬ್ಬಳಿಗೆ. ಚುಟ್ಕಿ-ಇಂದುಮತಿ ಜಗಳ ಹೊಸದು ಅಂದುಕೊಂಡಿರಾ? ನಮ್ಮಲ್ಲಿ ಅದಕ್ಕೆ ಸಾವಿರ ವರ್ಷ ದಾಟಿದೆ.

ರನ್ನನನ್ನು ನೋಡಿ. ಅವನ ಗದಾಯುದ್ಧದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ನಾಯಕ ಭೀಮ. ಆದರೆ ಓದಿದವರ ಮನಸ್ಸು ಹೋಗಿ ನಿಲ್ಲುವುದು ದುರ್ಯೋಧನನ ಬಳಿ. ಬಿ.ಎಂ.ಶ್ರೀಯವರು ಅದನ್ನೇ ನಾಟಕ ಮಾಡಿದಾಗ ದುರ್ಯೋಧನನ ದುರಂತವನ್ನೇ ಮುಂದಿಟ್ಟರು. ನಾಯಕ ಯಾರು, ಖಳ ಯಾರು ಎಂಬ ಈ ಚರ್ಚೆ ಕನ್ನಡದಲ್ಲಿ ಇನ್ನೂ ಮುಗಿದಿಲ್ಲ.

ಪಂಡಿತರ ಮಾತು ಬಿಡಿ. ನಾನು ಪಿಯುಸಿ ಮುಗಿಸಿ ಮೊಳೆ ಜೋಡಿಸಲು ಕೂತ ಕಾಲದಲ್ಲಿ ನಮ್ಮ ಪ್ರೆಸ್ಸಿಗೆ ಅನ್ನ ಹಾಕಿದ್ದು ಮದುವೆ ಪತ್ರಿಕೆಗಳು ಮತ್ತು ಹಳ್ಳಿಯ ಕುರುಕ್ಷೇತ್ರ ನಾಟಕದ ಕರಪತ್ರಗಳು. ರಾತ್ರಿಯೆಲ್ಲ ನಾಟಕ ನೋಡಿ ಬೆಳಿಗ್ಗೆ ಟೀ ಅಂಗಡಿಯಲ್ಲಿ ವಾದಕ್ಕೆ ಕೂರುತ್ತಿದ್ದರು. ಕರ್ಣ ಕುಂತಿಗೆ ಮಾತು ಕೊಟ್ಟದ್ದು ಸರಿಯೇ? ತೊಡೆಗೆ ಹೊಡೆದದ್ದು ಧರ್ಮವೇ? ಬೇರೆಯವರ ಮನೆ ಉಳಿಸಲು ತನ್ನ ಮಗನನ್ನು ರಾಕ್ಷಸನಿಗೆ ಕಳಿಸಿದ ಕುಂತಿ ಎಂಥ ತಾಯಿ? ಈ ಕೊನೆಯ ಪ್ರಶ್ನೆಯನ್ನು ಮೂಲ ಭಾರತದಲ್ಲಿ ಧರ್ಮರಾಯನೇ ಕುಂತಿಗೆ ಕೇಳುತ್ತಾನೆ. ಆಶ್ರಯ ಕೊಟ್ಟ ಮನೆಯ ಋಣ ತೀರಿಸಬೇಕು, ನನ್ನ ಮಗನ ಬಲ ನನಗೆ ಗೊತ್ತು ಎಂದು ಅವಳು ಉತ್ತರ ಕೊಡುತ್ತಾಳೆ. ಅಕ್ಷರ ಬರದ ರೈತರು ಇದನ್ನೆಲ್ಲ ಕನ್ನಡದಲ್ಲೇ, ನಡುನಡುವೆ ತೆಲುಗು ಬೆರೆಸಿ, ಇಂಗ್ಲಿಷಿನ ಒಂದು ಪದವನ್ನೂ ಮುಟ್ಟದೆ ವಾದಿಸುತ್ತಿದ್ದರು. ಕಾಲೇಜು ಹತ್ತಿದ ನಿಮಗೆ ಯಾಕೆ ಆಗುವುದಿಲ್ಲ?

ತಪ್ಪು ನಿಮ್ಮದು ಮಾತ್ರ ಎಂದು ಹೇಳಿ ನಾವು ದೊಡ್ಡವರು ಜಾರಿಕೊಳ್ಳಬಾರದು. ಈ ಮಾತು ನಮ್ಮ ಹೋರಾಟದ ಗೆಳೆಯರಲ್ಲಿ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿಯಂಥವರು ಡಬ್ಬಿಂಗ್ ಬೇಡ ಎಂದಾಗ ಅದಕ್ಕೆ ಕಾರಣವಿತ್ತು. ಕನ್ನಡ ಚಿತ್ರರಂಗ ಆಗ ಎಳೆಗೂಸು, ಅದರ ಕೆಲಸ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು. ನಮ್ಮ ಕಲಾವಿದರ ಅನ್ನ ಉಳಿಸಬೇಕಿತ್ತು. ಆದರೆ ಕೂಸು ಬೆಳೆದ ಮೇಲೂ ನಾವು ಅದೇ ಬೇಲಿ ಕಾದೆವು. ನಾನೂ ಕಾದವನೇ. ಡಬ್ಬಿಂಗ್ ವಿರುದ್ಧದ ಕರಪತ್ರಗಳನ್ನು ಕಾಸು ತೆಗೆದುಕೊಳ್ಳದೆ ಅಚ್ಚು ಹಾಕಿಕೊಟ್ಟ ಕೈ ಇದು.

ಬೇಲಿಯ ಒಳಗೆ ಏನಾಯಿತು? 2012ರಲ್ಲಿ ಆಮೀರ್ ಖಾನರ ಸತ್ಯಮೇವ ಜಯತೇ ತಮಿಳು, ತೆಲುಗು, ಮಲಯಾಳದಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಚಿಂತಾಮಣಿಯ ಜನ ತೆಲುಗಿನಲ್ಲಿ ನೋಡಿದರು. ನೋಡುವುದನ್ನು ಬಿಟ್ಟರೇ? ಇಲ್ಲ, ಕನ್ನಡದಲ್ಲಿ ನೋಡುವುದನ್ನು ಬಿಟ್ಟರು, ಅಷ್ಟೇ! ಮಕ್ಕಳ ಕಾರ್ಟೂನಿಗೆ ಮಾತ್ರ 2009ರಲ್ಲಿ ಚಿಂಟು ಟಿವಿ ಬಂದು ಒಂದು ಕಿಂಡಿ ತೆರೆಯಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರ ಜುಲೈನಲ್ಲಿ ಭಾರತ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಎಂದು ಆದೇಶ ಕೊಟ್ಟಿತು. 2020ರ ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಶುರುವಾದಾಗ ಮನೆಮನೆಯೂ ಟಿವಿ ಮುಂದೆ ಕೂತಿತು. ಚುಟ್ಕಿಯ ಗಲಾಟೆ ಎದ್ದದ್ದು ಅದರ ಮರುತಿಂಗಳು. ಕೊನೆಗೂ ಭೀಮ ಕನ್ನಡ ಆಡಿದ. ನಮ್ಮ ತಾಯಿಯ ಪಾಲಿಗೆ ಹತ್ತು ವರ್ಷ ತಡವಾಗಿ.

ಈಗ ನಿಮಗೆ ನೆಪ ಇಲ್ಲ. 2023ರ ಜೂನ್‌ನಲ್ಲಿ ಸ್ಪೈಡರ್‌ಮ್ಯಾನ್ ಕಾರ್ಟೂನು ಚಿತ್ರ ಅಕ್ರಾಸ್ ದಿ ಸ್ಪೈಡರ್‌ವರ್ಸ್ ಕನ್ನಡದಲ್ಲೂ ಬಿಡುಗಡೆಯಾಯಿತು. ಲೋಕ ಉಳಿಯಬೇಕಾದರೆ ಅಪ್ಪನನ್ನು ಸಾಯಲು ಬಿಡು ಎಂದರೆ ಮೈಲ್ಸ್ ಎಂಬ ಹುಡುಗ ಒಪ್ಪುವುದಿಲ್ಲ. ಅವನು ಸರಿಯೋ, ತಡೆಯಲು ಬಂದವನು ಸರಿಯೋ? ಕುಂತಿಗೆ ಧರ್ಮರಾಯ ಕೇಳಿದ ಪ್ರಶ್ನೆಯ ಮರಿ ಇದು! 2025ರ ಜುಲೈನಲ್ಲಿ ಮಹಾವತಾರ್ ನರಸಿಂಹ ಬಂತು. ಪೂರ್ತಿ ಕಾರ್ಟೂನು ಚಿತ್ರ, ನಮ್ಮ ಹೊಂಬಾಳೆಯವರು ಅರ್ಪಿಸಿದ್ದು, ಕನ್ನಡದಲ್ಲೂ ತೆರೆ ಕಂಡಿತು. ಎದೆ ಮುಟ್ಟಿಕೊಂಡು ಹೇಳಿ, ನಿಮ್ಮಲ್ಲಿ ಎಷ್ಟು ಜನ ಕನ್ನಡದ ಆಟವನ್ನೇ ಹುಡುಕಿಕೊಂಡು ಹೋದಿರಿ? ಮೊಬೈಲಿನಲ್ಲಿ ಭಾಷೆ ಆರಿಸುವ ಗುಂಡಿ ಇದ್ದಾಗ ಎಷ್ಟು ಜನ ಕನ್ನಡ ಒತ್ತಿದಿರಿ? ಕೇಳುವವರಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ಅಂಗಡಿಯಲ್ಲಿ ಇಡುವುದಿಲ್ಲ.

ಕಥೆಗೆ ಪ್ರಶ್ನೆ ಹಾಕುವುದು ಸಣ್ಣ ಕೆಲಸವಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನೇ ಪರೀಕ್ಷಿಸಲು ಸಮಿತಿ ಮಾಡಿದವರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂಬುದೇ ಅವರ ಪಾಠ. ಭೌತಶಾಸ್ತ್ರ ಓದಿ ಅಮೆರಿಕಕ್ಕೆ ಹೋಗಿಬಂದವರು ತಮ್ಮ ಜೀವನಕಥೆ 'ಹೋರಾಟದ ಹಾದಿ'ಯನ್ನು ಬರೆದದ್ದು ಕನ್ನಡದಲ್ಲಿ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಮನೆಯ ಮಾತು ಯಾವುದೇ ಇರಲಿ, ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಊರಿನ ಪಂಚಾಯಿತಿ ಕಟ್ಟೆಯ ಮಾತು ಕನ್ನಡವಾಗಿರಲಿ ಎನ್ನುತ್ತೇವೆ.

ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಗು ಕಾರ್ಟೂನು ನೋಡುತ್ತಿದ್ದರೆ ಟಿವಿ ಆರಿಸಬೇಡಿ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕೇಳಿ: ಭೀಮ ಮಾಡಿದ್ದು ಸರಿಯೇನೋ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಒಂದು ಭಾನುವಾರ ಕೈವಾರಕ್ಕೆ ಕರೆದುಕೊಂಡು ಹೋಗಿ ಈ ಭೀಮನ ಕಥೆಯನ್ನೂ ಹೇಳಿ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಮಗುವೇ ತೀರ್ಮಾನಿಸಲಿ.

ಪತ್ರಿಕೆ ಬರೀ ಉಪದೇಶ ಮಾಡಿ ಕೂರುವುದಿಲ್ಲ. ಮುಂದಿನ ಸಂಚಿಕೆಯಿಂದ ಅರ್ಧ ಪುಟ ನಿಮಗೆ. "ಚುಟ್ಕಿಗೆ ಅನ್ಯಾಯವಾಯಿತೇ?" ಬರೆದು ಕಳಿಸಿ. ಕಾಗುಣಿತ ತಪ್ಪಿದರೆ ನಾನು ತಿದ್ದುತ್ತೇನೆ, ವಾದ ತಿದ್ದುವುದಿಲ್ಲ.

ಅಂದಹಾಗೆ, ಆ ಹುಡುಗರ ಕಾರ್ಡಿನಲ್ಲಿ ಕೊನೆಗೆ ಚುಟ್ಕಿಯೂ ಬಂದಳು, ಇಂದುಮತಿಯೂ ಬಂದಳು. ಅಕ್ಷರ ಇಂಗ್ಲಿಷಿನಲ್ಲಿ ಬೇಕು ಎಂದಿದ್ದರು. "ಮಗುವಿನ ಅಜ್ಜಿ ಓದಬೇಡವೇನ್ರಪ್ಪಾ?" ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡದಲ್ಲೇ ಅಚ್ಚಾಯಿತು.