ಡ್ರಾಮಾ ಕಂಪನಿ ಅಂತ ನಗೋ ಮುಂಚೆ

ಫೆಸ್ಟ್‌ನ ಕಿರುಚಿತ್ರದಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ನಟಿಸಿದರೆ ಸಾಕು, "ಏನಲೇ, ಡ್ರಾಮಾ ಕಂಪನಿ ಥರ ಮಾಡ್ತೀಯ" ಅಂತ ಹಿಂದಿನ ಬೆಂಚಿನಿಂದ ಕೂಗ್ತೀವಿ. ಚಿಂದೋಡಿ ಲೀಲಾ ಅವರ ದಾವಣಗೆರೆಯಲ್ಲಿ ಕೂತುಕೊಂಡು ಹೀಗೆ ಕೂಗೋದು ನಮಗೇ ಶೋಭೆ ಅಲ್ಲ. ಅದು ಹಾಗಿರಲಿ, ನಾವು ಸಿನಿಮಾ ಅಂತ ತಲೆ ಮೇಲೆ ಹೊತ್ತುಕೊಂಡಿರೋದು ಬಂದದ್ದೇ ಆ ಡ್ರಾಮಾ ಕಂಪನಿಯಿಂದ.

ಗುಬ್ಬಿ ವೀರಣ್ಣನವರನ್ನೇ ನೋಡಿ. 1891ರಲ್ಲಿ ಹುಟ್ಟಿದವರು, ಬಾಲನಟನಾಗಿ ಕಂಪನಿ ಸೇರಿ ಮುಂದೆ ಅದರ ಮಾಲೀಕರೇ ಆದರು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು. (ನಮ್ಮ ಮೆಕ್ಯಾನಿಕಲ್‌ನವರು ಆ ಸ್ಟೇಜಿನ ಲೋಡ್ ಲೆಕ್ಕ ಹಾಕಿ ನೋಡಲಿ.) ಆಮೇಲೆ ಸಿನಿಮಾಕ್ಕೂ ಕೈ ಹಾಕಿದರು. ಅದೂ ಎಂಥಾ ಹೊತ್ತಲ್ಲಿ? ಅವರು ಮೂಕಿ ಚಿತ್ರಗಳನ್ನ ಮಾಡೋ ಹೊತ್ತಿಗೆ, 1931ರಲ್ಲಿ, 'ಆಲಂ ಆರಾ' ಬಂದು ಪರದೆ ಮಾತಾಡೋಕೆ ಶುರು ಮಾಡಿತ್ತು. ಕಲಿತ ತಂತ್ರಜ್ಞಾನ ಕೈಯಲ್ಲಿರುವಾಗಲೇ ಹಳೇದಾಗೋದು ನಮ್ಮ ಸಿಲಬಸ್‌ಗೆ ಮಾತ್ರ ಬಂದ ಕಷ್ಟ ಅಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಕಂಪನಿ ಊರೂರು ಸುತ್ತುತ್ತಲೇ ಇತ್ತು, ನಟರು ಅಲ್ಲೇ ತಯಾರಾಗ್ತಿದ್ದರು. 1935ರಲ್ಲಿ 'ಸದಾರಮೆ', 1942ರಲ್ಲಿ 'ಜೀವನ ನಾಟಕ'. 1954ರಲ್ಲಿ ಎ.ವಿ.ಎಂ. ಜೊತೆ ಸೇರಿ 'ಬೇಡರ ಕಣ್ಣಪ್ಪ'. ನಿರ್ದೇಶನ ಎಚ್.ಎಲ್.ಎನ್. ಸಿಂಹ ಅವರದು. ನಾಯಕ, ತಂದೆಯ ಜೊತೆ ಗುಬ್ಬಿ ಕಂಪನಿಯಲ್ಲೇ ಬೆಳೆದ ಮುತ್ತುರಾಜ. ರಾಜ್‌ಕುಮಾರ್ ಅನ್ನೋ ಹೆಸರು ಬಂದದ್ದು ಆ ಚಿತ್ರದಿಂದ.

ನಮಗೆ ಅನ್ನಿಸೋದಿಷ್ಟು: ವೀರಣ್ಣನವರಿಗೆ ಕ್ಯಾಮೆರಾಕ್ಕಿಂತ ಮೊದಲು ಜನ ಗೊತ್ತಿದ್ದರು. ದುಡ್ಡು ಕೊಟ್ಟು ಬಂದವನಿಗೆ ಎಲ್ಲಿ ಬೇಜಾರಾಗುತ್ತೆ ಅಂತ ದಿನಾ ರಾತ್ರಿ ಕಣ್ಣಾರೆ ನೋಡಿದ್ದರು. ನಮಗೆ ಗಿಂಬಲ್ ಗೊತ್ತು, ಕಲರ್ ಗ್ರೇಡಿಂಗ್ ಗೊತ್ತು, ಜನ ಗೊತ್ತಿಲ್ಲ. ಹೋದ ವರ್ಷದ ನಮ್ಮ ಚಿತ್ರ ನೋಡಿದವರು ಯಾರು? ನಾವು, ನಮ್ಮ ರೂಮ್‌ಮೇಟ್‌ಗಳು, ಇಂಟರ್ನಲ್ಸ್ ಮಾರ್ಕ್ಸ್ ಕೊಡೋ ಮೇಷ್ಟ್ರು ಕರೆದರು ಅಂತ ಬಂದ ಜೂನಿಯರ್‌ಗಳು. ಎಲ್ಲರೂ "ಸೂಪರ್" ಅಂದರು. ಅದನ್ನ ನಂಬೋದು ಹೇಗೆ?

ಅದಕ್ಕೇ ಈ ಸಲ ಚಿತ್ರವನ್ನ ಮೊದಲು ಆನ್‌ಲೈನ್‌ಗೆ ಹಾಕೋದು ಬೇಡ. ದಿನಾ ಹರಿಹರದಿಂದ ಬಸ್ಸಲ್ಲಿ ಬರೋ ಗೆಳೆಯರು ಅಲ್ಲೊಂದು ಸಣ್ಣ ಹಾಲ್ ನೋಡಿಕೊಡ್ತೀವಿ ಅಂದಿದ್ದಾರೆ. ನಮ್ಮನ್ನ ಕಂಡರೇ ಗೊತ್ತಿಲ್ಲದ ಜನರಿಗೆ, ಹತ್ತು ರೂಪಾಯಿ ಟಿಕೆಟ್ ಇಟ್ಟು ತೋರಿಸೋಣ. ನಡುವೆ ಎಷ್ಟು ಜನ ಎದ್ದು ಹೋದರು ಅಂತ ಎಣಿಸೋಕೆ ಬಾಗಿಲ ಹತ್ತಿರ ಒಬ್ಬರನ್ನ ನಿಲ್ಲಿಸ್ತೀವಿ. ಡೈರೆಕ್ಟರ್‌ನೇ ನಿಂತರೆ ಇನ್ನೂ ಒಳ್ಳೇದು.