ಮನೆ ಆರೈಕೆಯಲ್ಲಿ ಔಷಧಿ, ಹಣ, ಓಡಾಟ ಪೋಲಾಗುವುದನ್ನು ತಪ್ಪಿಸಲು ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬಳ್ಳಾರಿ ಜಿಲ್ಲೆ, ಬಳ್ಳಾರಿ.

ಇವರಿಂದ:
ಮನೆಯಲ್ಲೇ ಆರೈಕೆಯಲ್ಲಿರುವ ರೋಗಿಗಳ ಕುಟುಂಬದವರು,
ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು.

ವಿಷಯ: ಮನೆ ಬಾಗಿಲಿನ ಆರೋಗ್ಯ ಸೇವೆಯನ್ನು ಒಂದು ಕ್ರಮಕ್ಕೆ ತರುವ ಬಗ್ಗೆ.

ಮಾನ್ಯರೇ,

2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯನ್ನು ಸರ್ಕಾರ ನಂತರ ರಾಜ್ಯಕ್ಕೆಲ್ಲ ವಿಸ್ತರಿಸಿದೆ. ಬಿಪಿ, ಶುಗರ್ ನೋಡಲು ಸಿಬ್ಬಂದಿ ಮನೆಗೇ ಬರುವುದನ್ನು ನಾವು ಸ್ವಾಗತಿಸುತ್ತೇವೆ. ಸೇವೆ ಸಾಲದು ಎಂಬ ದೂರೂ ನಮ್ಮದಿದೆ, ಆದರೆ ಅದು ಇನ್ನೊಂದು ಮನವಿಯ ಮಾತು. ಇಲ್ಲಿ ಹೇಳಬೇಕಾದದ್ದು, ಸರ್ಕಾರ ಈಗಾಗಲೇ ಕೊಡುತ್ತಿರುವುದೇ ಪೋಲಾಗುತ್ತಿದೆ ಎಂಬುದನ್ನು.

ಮೊದಲನೆಯದು ಮೂತ್ರದ ಪೈಪು. ಲಕ್ವ ಹೊಡೆದು ಹಾಸಿಗೆ ಹಿಡಿದವರಿಗೆ, ಸೊಂಟ ಮುರಿದ ವೃದ್ಧರಿಗೆ ಇದನ್ನು ಆಗಾಗ ಬದಲಿಸಲೇಬೇಕು. ತರಬೇತಿ ಪಡೆದ ನರ್ಸ್‌ಗೆ ಇದು ಅರ್ಧ ಗಂಟೆಯ ಕೆಲಸ. ಆದರೂ ಸಿರುಗುಪ್ಪ ಕಡೆಯ ಹಳ್ಳಿಯವರು ಬಾಡಿಗೆ ಕಾರು ಮಾಡಿಕೊಂಡು, ರೋಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬಳ್ಳಾರಿಗೆ ಬರುತ್ತಾರೆ. ಆ ದಿನದ ಕೂಲಿಯೂ ಹೋಯಿತು, ಬೆನ್ನಿನ ಹುಣ್ಣೂ ಕೆದರಿತು. ಸಾಧಾರಣ ಲೇಟೆಕ್ಸ್ ಪೈಪನ್ನು ಕೆಲವೇ ವಾರಗಳಲ್ಲಿ ಬದಲಿಸಬೇಕಾಗುತ್ತದೆ. ಪೂರ್ತಿ ಸಿಲಿಕಾನ್ ಪೈಪು ಹನ್ನೆರಡು ವಾರದವರೆಗೂ ಬಾಳುತ್ತದೆ. ಬೆಲೆ ಹೆಚ್ಚೆಂಬುದು ನಿಜ, ಆದರೆ ಕಾರಿನ ಬಾಡಿಗೆಯನ್ನೂ ಕೂಡಿಸಿ ನೋಡಿದರೆ ಅಗ್ಗ ಯಾವುದೆಂದು ತಮಗೇ ತಿಳಿಯುತ್ತದೆ. ದೀರ್ಘಕಾಲ ಪೈಪು ಬೇಕಾದವರಿಗೆ ಸಿಲಿಕಾನ್ ಪೈಪನ್ನೇ ಖರೀದಿಸಿ ಕೊಡಬೇಕು. ಸಿರುಗುಪ್ಪ ತಾಲ್ಲೂಕು ಆಸ್ಪತ್ರೆ ಹಾಗೂ ಕುರುಗೋಡಿನ ಸರ್ಕಾರಿ ಆಸ್ಪತ್ರೆಯಿಂದ ವಾರಕ್ಕೊಂದು ನಿಗದಿತ ದಿನ ನರ್ಸ್ ಮನೆಗಳಿಗೆ ಹೋಗುವ ವ್ಯವಸ್ಥೆ ಮಾಡಬೇಕು. ನೆರೆಯ ತಮಿಳುನಾಡು 2021ರಲ್ಲಿ, ನಮ್ಮ ಗಡಿಯ ಕೃಷ್ಣಗಿರಿ ಜಿಲ್ಲೆಯಿಂದಲೇ ಆರಂಭಿಸಿದ ಯೋಜನೆಯಲ್ಲಿ ಮಾತ್ರೆಯ ಜೊತೆಗೆ ಫಿಸಿಯೋಥೆರಪಿ, ಉಪಶಾಮಕ ಆರೈಕೆಗಳೂ ಮನೆಗೆ ಹೋಗುತ್ತವೆ.

ಎರಡನೆಯದು ಮಾತ್ರೆ. ವೈದ್ಯರು ಡೋಸ್ ಬದಲಿಸಿದರೂ ಹಳೆಯ ಪಟ್ಟಿಯಂತೆಯೇ ಮಾತ್ರೆ ಬರುತ್ತಿರುತ್ತದೆ. ಡಬ್ಬಿ ತೆರೆದರೆ ಒಂದೇ ಬಿಪಿ ಮಾತ್ರೆಯ ಸ್ಟ್ರಿಪ್‌ಗಳು ರಾಶಿ ಬಿದ್ದಿರುತ್ತವೆ. ಪಕ್ಕದ ಮನೆಯವರು ಅದೇ ಮಾತ್ರೆ ಮುಗಿದು ಮೆಡಿಕಲ್ ಶಾಪಿಗೆ ಓಡುತ್ತಾರೆ. ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಹೆಸರೂ ಅವಧಿ ಮುಗಿಯುವ ದಿನಾಂಕವೂ ಕತ್ತರಿಸಿಹೋಗುತ್ತವೆ. ಆದ್ದರಿಂದ ಉಳಿದ ಮಾತ್ರೆ ಎಣಿಸಿದ ಮೇಲೆಯೇ ಹೊಸದು ಕೊಡಬೇಕು, ಅವಧಿ ಮೀರಿದ್ದನ್ನು ವಾಪಸ್ ಪಡೆಯಬೇಕು. ಇನ್ಸುಲಿನ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಫ್ರಿಜ್ ಇಲ್ಲದ ಮನೆಗೆ, ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಹಲವು ಬಾಟಲಿಗಳನ್ನು ಒಟ್ಟಿಗೆ ಕೊಡುವುದೆಂದರೆ ಕೆಡಲೆಂದೇ ಕೊಟ್ಟಂತೆ. ಅಂಥವರ ಬಾಟಲಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇಟ್ಟು, ಒಂದೊಂದಾಗಿ ಕೊಡಬಹುದು.

ಬಳಸಿದ ಸೂಜಿಗಳು ಇಂದು ಕಸದ ಬುಟ್ಟಿಗೆ ಬೀಳುತ್ತಿವೆ, ಚುಚ್ಚಿಸಿಕೊಳ್ಳುವವರು ಪೌರಕಾರ್ಮಿಕರು. 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ತ್ಯಾಜ್ಯವೆಂದು ಹೇಳಿದ್ದವು. ಮುಚ್ಚಳವಿರುವ ಗಟ್ಟಿ ಡಬ್ಬಿ ಕೊಟ್ಟು, ತುಂಬಿದ್ದನ್ನು ಆರೋಗ್ಯ ಕೇಂದ್ರದಲ್ಲಿ ಅಥವಾ ನಗರದ ‘ನಮ್ಮ ಕ್ಲಿನಿಕ್’ನಲ್ಲಿ ಪಡೆಯುವಂತೆ ಪಾಲಿಕೆ ಮತ್ತು ಆರೋಗ್ಯ ಇಲಾಖೆ ಒಟ್ಟಿಗೆ ಆದೇಶಿಸಬೇಕು.

ಇವೆಲ್ಲದರ ಭಾರವನ್ನು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬಾರದೆಂದು ವಿಶೇಷವಾಗಿ ಕೋರುತ್ತೇವೆ. ಒಂದೇ ಮನೆಯ ವಿವರವನ್ನು ಪುಸ್ತಕಕ್ಕೊಮ್ಮೆ, ಆ್ಯಪ್‌ಗೊಮ್ಮೆ ಬರೆಯುವಷ್ಟರಲ್ಲೇ ಅವರ ಹೊತ್ತು ಹೋಗುತ್ತದೆ. ರೋಗಿಯ ಮನೆಯಲ್ಲೇ ಒಂದು ಕಾರ್ಡ್ ಇರಲಿ. ಯಾರೇ ಬಂದರೂ ಅದರಲ್ಲೇ ಬರೆಯಲಿ.

ಕೋವಿಡ್ ಕಾಲದಲ್ಲಿ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು ಎಲ್ಲೆಲ್ಲಿವೆ, ಎಷ್ಟು ಕೆಲಸ ಮಾಡುತ್ತಿವೆ ಎಂದು ಪಟ್ಟಿ ಮಾಡಿಸಿ, ಮನೆಗೆ ಎರವಲು ಕೊಡುವ ಏರ್ಪಾಡು ಮಾಡಬೇಕು. ಖರ್ಚಿಗೆ ಅನುದಾನ ಸಾಲದಿದ್ದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರಸ್ತಾವನೆ ಕಳಿಸಬಹುದು.

ಈ ಕುರಿತು ಒಂದು ತಿಂಗಳೊಳಗೆ ಆರೋಗ್ಯ ಇಲಾಖೆ, ಪಾಲಿಕೆ ಅಧಿಕಾರಿಗಳು ಹಾಗೂ ರೋಗಿಗಳ ಮನೆಯವರನ್ನು ಸಭೆಗೆ ಕರೆಯಬೇಕು. ಸಭೆ ಮಧ್ಯಾಹ್ನದ ಮೇಲಿರಲಿ. ಬೆಳಿಗ್ಗೆ ರೋಗಿಯನ್ನು ಬಿಟ್ಟು ಬರಲು ನಮಗೆ ಆಗುವುದಿಲ್ಲ.


ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಬಳ್ಳಾರಿ, ಆಯುಕ್ತರು, ಮಹಾನಗರ ಪಾಲಿಕೆ, ಬಳ್ಳಾರಿ.