‘ಒಗ್ಗದು’ ಎಂಬ ನೆಪ

ಕನ್ನಡದ ಹೆಸರಿನಲ್ಲಿ ನಡೆಯುವ ಸಭೆಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಪ್ರೋಗ್ರಾಂ ಬರೆಯುವವರು ಬಳಸುವ ಎಡಿಟರುಗಳಿಗೆ ಕನ್ನಡ ಒಗ್ಗದಂತೆ. ಅವು ಇಂಗ್ಲಿಷಿನ ಬಿಡಿ ಅಕ್ಷರಗಳಿಗಾಗಿ ಹುಟ್ಟಿದವಂತೆ. ಒತ್ತು, ಗುಣಿತ, ದೀರ್ಘಗಳ ನಮ್ಮ ತುಂಬಿದ ಸಂಸಾರಕ್ಕೆ ಅಲ್ಲಿ ಎಡೆಯಿಲ್ಲವಂತೆ. ಹೇಳುವವರು ವಿಷಾದದಿಂದ ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ, ಅನಂತರ ಎಲ್ಲರೂ ಕಾಫಿಗೆ ಏಳುತ್ತಾರೆ. ಈ ಮಾತಿನಲ್ಲಿ ನಿಜ ಕಾಲುಪಾಲು, ನೆಪ ಮುಕ್ಕಾಲುಪಾಲು ಎಂಬುದು ನನ್ನ ವಾದ.

ಎಡಿಟರ್ ಎಂದೊಡನೆ ವಾಚಕರು ಈ ಪತ್ರಿಕೆಯ ಸಂಪಾದಕರನ್ನು ನೆನೆದು ಗಾಬರಿಯಾಗಬೇಕಾಗಿಲ್ಲ. ನಾನು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಬರಿಯ ಅಕ್ಷರಗಳನ್ನು ಬರೆಯುವ, ಹುಡುಕುವ, ತಿದ್ದುವ ಸಾಧನವನ್ನು. ಈಮ್ಯಾಕ್ಸ್ ಎಂಬುದು ೧೯೭೬ರಲ್ಲಿ ಅಮೆರಿಕದ ಎಂ. ಐ. ಟಿ.ಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಅವರ ಜೊತೆಗಾರರ ಕೈಯಲ್ಲಿ ಹುಟ್ಟಿತು. ವಿಮ್ ಎಂಬುದನ್ನು ಹಾಲೆಂಡಿನ ಬ್ರಾಮ್ ಮೋಲೆನಾರ್ ೧೯೯೧ರಲ್ಲಿ ಹೊರತಂದರು. ಇವುಗಳ ವಿಶೇಷವೆಂದರೆ ಮನೆಯ ಯಜಮಾನ ಗೋಡೆ ಒಡೆದು ಬಾಗಿಲಿಡುವಂತೆ, ಬಳಸುವವನು ತನಗೆ ಬೇಕಾದ ಹಾಗೆ ಇವನ್ನು ಬದಲಾಯಿಸಿಕೊಳ್ಳಬಹುದು. ಕನ್ನಡ ಕಲಿಸುವವನಿಗೆ ಇದೇತಕ್ಕೆ ಎಂದು ಕೇಳುವವರಿಗೆ ನಾನು ಒಂದೇ ಒಂದು ಉದಾಹರಣೆ ಕೊಡುತ್ತೇನೆ.

ಹಳೆಯ ಗದ್ಯಗ್ರಂಥವೊಂದಕ್ಕೆ ಪದಸೂಚಿ ಸಿದ್ಧಪಡಿಸಲು ಒಂದು ಅಚ್ಚುಕೂಟದಿಂದ ಅದರ ಕಡತವನ್ನು ತರಿಸಿಕೊಂಡೆ. ಅಕಾರಾದಿಯಾಗಿ ಜೋಡಿಸಿದಾಗ ‘ಅಂಗಳ’ ಎಂಬ ಮಾತು ಅಕಾರದ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಇನ್ನೊಮ್ಮೆ ಕಾಣಿಸಿತು. ಕಣ್ಣಿಗೆ ಎರಡೂ ಒಂದೇ. ಅಚ್ಚುಕೂಟದವರನ್ನು ಕೇಳಿದರೆ, “ಕಂಪ್ಯೂಟರಿಗೆ ಕನ್ನಡ ಅಷ್ಟಾಗಿ ಒಗ್ಗುವುದಿಲ್ಲ ಸಾರ್, ನೀವೇ ಕೈಯಿಂದ ಸರಿಮಾಡಿಕೊಳ್ಳಿ” ಎಂಬ ಉತ್ತರ ಬಂತು. ಕಡತವನ್ನು ಈಮ್ಯಾಕ್ಸಿನಲ್ಲಿ ತೆರೆದು, ಸಂಶಯದ ಅಕ್ಷರದ ಮೇಲೆ ಗುರುತನ್ನು ನಿಲ್ಲಿಸಿ, ಕಂಟ್ರೋಲ್ ಕೀಲಿಯೊಡನೆ ಎಕ್ಸ್ ಒತ್ತಿ ಬಳಿಕ ಸಮಚಿಹ್ನೆಯನ್ನು ಒತ್ತಿದೆ. ಆ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ಅದು ಹೇಳುತ್ತದೆ. ಮೊದಲನೆಯ ಮಾತಿನಲ್ಲಿದ್ದುದು ೩೨೦೨, ಅಂದರೆ ಅನುಸ್ವಾರ. ಎರಡನೆಯದರಲ್ಲಿದ್ದುದು ೩೩೦೨, ಅಂದರೆ ಕನ್ನಡದ ಅಂಕಿ ಸೊನ್ನೆ! ಬೆರಳಚ್ಚು ಮಾಡಿದವರು ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿದ್ದರು. ಕಾಗದದ ಮೇಲೆ ಇದು ಯಾರಿಗೂ ಕಾಣದ ತಪ್ಪು. ಆದರೆ ಮುಂದೆ ಆ ಗ್ರಂಥದಲ್ಲಿ ‘ಅಂಗಳ’ವನ್ನು ಹುಡುಕುವವನಿಗೆ ಆ ಮಾತು ಅಲ್ಲಿ ಇಲ್ಲವೇ ಇಲ್ಲ. ಕಂಪ್ಯೂಟರಿಗೆ ಕನ್ನಡ ಒಗ್ಗದೆ ಆದದ್ದೇ ಇದು? ಅಲ್ಲ, ನಮ್ಮ ಕೈ ಮಾಡಿದ ತಪ್ಪನ್ನು ನಮ್ಮ ಕಣ್ಣು ನೋಡಲೊಲ್ಲದೆ ಆದದ್ದು.

ದೋಷ ತಿಳಿದ ಮೇಲೆ ಪರಿಹಾರ ಕಷ್ಟವಾಗಲಿಲ್ಲ. ಎಲ್ಲ ಸೊನ್ನೆಗಳನ್ನೂ ಕಣ್ಣುಮುಚ್ಚಿ ಅನುಸ್ವಾರ ಮಾಡುವಂತಿಲ್ಲ; ಹಾಗೆ ಮಾಡಿದರೆ ೨೦೧೦ ಎಂಬ ಇಸವಿ ಕೆಟ್ಟುಹೋಗುತ್ತದೆ. ಹಿಂದಿನದು ಅಕ್ಷರವಾಗಿದ್ದರೆ ಮಾತ್ರ ಆ ಸೊನ್ನೆಯನ್ನು ಕೆಂಪಾಗಿ ತೋರಿಸು, ಅಂಕಿಯಾಗಿದ್ದರೆ ಸುಮ್ಮನಿರು ಎಂದು ಎಡಿಟರಿನ ಸೆಟ್ಟಿಂಗ್ ಕಡತದಲ್ಲಿ ಕೆಲವು ಸಾಲು ಬರೆದೆ. ಅಂದಿನಿಂದ ಅದು ನನ್ನ ಕರಡು ತಿದ್ದುವ ಗುಮಾಸ್ತ. ಸಂಬಳ ಕೇಳದು, ತೂಕಡಿಸದು.

“ಇದೆಲ್ಲ ಮೆಕ್ಯಾನಿಕ್ಕಿನ ಕೆಲಸ, ವಿದ್ವಾಂಸನದಲ್ಲ” ಎಂದು ಮೂಗು ಮುರಿಯುವ ಹಿರಿಯರುಂಟು. ಅವರೊಡನೆ ನನಗೆ ಜಗಳವೇ ಇದೆ. ಎಡಿಟರ್ ಕೆಟ್ಟಾಗ ದೋಷ ಹುಡುಕುವ ಕ್ರಮವನ್ನು ಅವರು ಒಮ್ಮೆ ನೋಡಲಿ. ಮೊದಲು ನಮ್ಮ ಸೆಟ್ಟಿಂಗುಗಳನ್ನೆಲ್ಲ ಬದಿಗಿಟ್ಟು ಎಡಿಟರನ್ನು ಬರಿಮೈಯಲ್ಲಿ ತೆರೆಯಬೇಕು. ಈಮ್ಯಾಕ್ಸ್, ವಿಮ್ ಎರಡರಲ್ಲೂ ಇದಕ್ಕೆ ದಾರಿಯಿದೆ. ಆಗಲೂ ದೋಷ ಉಳಿದರೆ ಅದು ಎಡಿಟರಿನದೋ, ಫಾಂಟಿನದೋ, ಕಡತದ್ದೋ ಇರಬೇಕು. ಮಾಯವಾದರೆ ಅದು ನಾವೇ ಸೇರಿಸಿದ ಸೆಟ್ಟಿಂಗಿನದು. ಆ ಕಡತದಲ್ಲಿ ೨೦೦ ಸಾಲುಗಳಿದ್ದರೆ ಅರ್ಧವನ್ನು ತೆಗೆದು ನೋಡುವುದು. ದೋಷ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧಮಾಡುವುದು. ಹೆಚ್ಚೆಂದರೆ ೮ ಬಾರಿ ಹೀಗೆ ಮಾಡಿದರೆ ಕೆಟ್ಟ ಸಾಲು ಕೈಗೆ ಸಿಕ್ಕುತ್ತದೆ. ಇಂದು ಬಹಳ ಜನ ಬಳಸುವ ವಿ. ಎಸ್. ಕೋಡ್ ಎಂಬ ಎಡಿಟರ್ ತನಗೆ ಸೇರಿಸಿದ ಉಪಾಂಗಗಳ ವಿಷಯದಲ್ಲಿ ಈ ಅರೆವಾಸಿ ಶೋಧನೆಯನ್ನು ತಾನೇ ಮಾಡಿಕೊಡುತ್ತದೆ. ಹಸ್ತಪ್ರತಿಗಳನ್ನು ಎದುರೆದುರಿಟ್ಟು, ಅಪಪಾಠ ಯಾವ ಪ್ರತಿಯಲ್ಲಿ ಹುಟ್ಟಿತೆಂದು ಹುಡುಕುವ ನಮ್ಮ ಗ್ರಂಥಸಂಪಾದನಶಾಸ್ತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ? ಓಲೆಗರಿಯ ಮುಂದೆ ತೋರುವ ತಾಳ್ಮೆಯನ್ನು ಪರದೆಯ ಮುಂದೆ ತೋರಿದರೆ ಪಾಂಡಿತ್ಯಕ್ಕೆ ಕುಂದೆ?

ಇನ್ನು ‘ಒಗ್ಗದು’ ಎನ್ನುವವರ ದೂರುಗಳನ್ನು ಒಂದೊಂದಾಗಿ ನೋಡೋಣ. ಅಕ್ಷರದ ಬದಲು ಖಾಲಿ ಚೌಕಗಳು ಕಾಣುತ್ತವೆ ಎಂಬುದು ಒಂದು. ಸಾಮಾನ್ಯವಾಗಿ ಇದು ಕನ್ನಡದ ಫಾಂಟ್ ಸಿಕ್ಕದೆ ಆಗುವ ತೊಂದರೆ. ಕನ್ನಡ ಲಿಪಿಗೆ ಇಂಥ ಫಾಂಟನ್ನು ಬಳಸು ಎಂದು ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಒತ್ತಕ್ಷರ ಒಡೆದು ಬೀಳುತ್ತದೆ ಎಂಬುದು ಇನ್ನೊಂದು. ಯೂನಿಕೋಡಿನಲ್ಲಿ ‘ಕ್ಷ’ ಒಂದು ಅಕ್ಷರವಲ್ಲ. ಕಕಾರ, ಹಲಂತಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳು. ಅವನ್ನು ಕೂಡಿಸಿ ಬರೆಯುವ ಕೆಲಸ ಬೇರೆಯ ಒಂದು ತಂತ್ರಾಂಶದ್ದು. ೨೦೨೦ರಲ್ಲಿ ಬಂದ ೨೭ನೆಯ ಆವೃತ್ತಿಯಿಂದ ಈಮ್ಯಾಕ್ಸ್ ಇದಕ್ಕೆ ಹಾರ್ಫ್‌ಬಜ್ ಎಂಬುದನ್ನು ಬಳಸುತ್ತಿದೆ. ಅದಕ್ಕಿಂತ ಹಳೆಯದನ್ನು ಇಟ್ಟುಕೊಂಡು ಗೊಣಗುವವರು ಹೊಸದನ್ನು ಹಾಕಿಕೊಳ್ಳಲಿ. ‘ಇಂಗ್ಲಿಷ್‌ನಲ್ಲಿ’ ಎಂಬ ಮಾತು ಹುಡುಕಿದರೆ ಸಿಕ್ಕುವುದಿಲ್ಲ ಎಂಬುದು ಮತ್ತೊಂದು. ಷಕಾರಕ್ಕೆ ನಕಾರದ ಒತ್ತು ಬೀಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಒಬ್ಬರು ಇಟ್ಟು ಒಬ್ಬರು ಬಿಟ್ಟರೆ ಹುಡುಕಾಟ ತಪ್ಪುತ್ತದೆ. ಆ ಅದೃಶ್ಯ ಸಂಕೇತವನ್ನೂ ತೋರಿಸೆಂದು ಈಮ್ಯಾಕ್ಸಿಗೆ ಹೇಳಬಹುದು.

ಉಳಿದದ್ದು ಆ ಕಾಲುಪಾಲಿನ ನಿಜ. ಟರ್ಮಿನಲ್ ಎಂಬ ಹಳೆಯ ಮಾದರಿಯ ಕಿಟಕಿಯಲ್ಲಿ ಪರದೆ ಚೌಕಳಿ ಕಾಗದದಂತೆ. ಪ್ರತಿ ಅಕ್ಷರಕ್ಕೂ ಗೊತ್ತಾದ ಅಳತೆಯ ಮನೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ೬ ಸಂಕೇತಗಳಿವೆ. ಅದಕ್ಕೆ ಎಷ್ಟು ಮನೆ ಕೊಡಬೇಕು? ಅಲ್ಲಿ ವಿಮ್ ತೆರೆದು ಕನ್ನಡ ಬರೆದರೆ ಸಾಲು ಕಲಸಿಹೋಗುವುದುಂಟು, ಸೆಟ್ಟಿಂಗಿನಿಂದ ಅದು ಪೂರ್ತಿ ವಾಸಿಯಾಗದು. ಇದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ಕೋಣೆ ಇಕ್ಕಟ್ಟೆಂದು ಇಡೀ ಮನೆಯನ್ನೇ ಬಿಟ್ಟು ಹೋಗುವವರನ್ನು ಏನೆನ್ನಬೇಕು?

ಕನ್ನಡದ ಬೆರಳಚ್ಚು ಯಂತ್ರದ ಕಾಲದಲ್ಲಿ ‘ಒಗ್ಗದು’ ಎಂದಿದ್ದರೆ ಒಪ್ಪಬಹುದಿತ್ತು. ಅದು ಎರಕದ ಲೋಹ, ಕೀಲಿಗಳು ಎಣಿಸಿದಷ್ಟೇ. ಆದರೂ ಕೆ. ಅನಂತಸುಬ್ಬರಾಯರು ಹಾಗೆನ್ನಲಿಲ್ಲ, ಕೂತು ಕೀಲಿಮಣೆಯನ್ನು ರೂಪಿಸಿದರು. ಕಂಪ್ಯೂಟರಿನ ಕಾಲ ಬಂದಾಗ ಕೆ. ಪಿ. ರಾಯರು ನಮ್ಮ ವರ್ಣಮಾಲೆಯ ಸ್ವಭಾವಕ್ಕೆ ಹೊಂದುವ ವಿನ್ಯಾಸವನ್ನು ಕೊಟ್ಟರು. ನುಡಿಯಲ್ಲಿ ನಾವು ಇಂದೂ ಬಳಸುವುದು ಅದನ್ನೇ. ಲೋಹವನ್ನೇ ಬಗ್ಗಿಸಿದವರ ನಾಡಿನಲ್ಲಿ, ಒಂದು ಸಾಲು ಬರೆದರೆ ಬಗ್ಗುವ ಸಾಧನವನ್ನು ಮುಂದಿಟ್ಟುಕೊಂಡು ನಾವು ಕೈಕಟ್ಟಿ ಕುಳಿತಿದ್ದೇವೆ.

ಪ್ರೋಗ್ರಾಂ ಬರೆಯುವ ನಮ್ಮ ತರುಣರಿಗೂ ಒಂದು ಮಾತು. ಅವರಲ್ಲಿ ಅನೇಕರಿಗೆ ಎಡಿಟರ್ ಎಂದರೆ ಅಲಂಕಾರದ ಹುಚ್ಚು. ದಿನಕ್ಕೊಂದು ಬಣ್ಣ, ವಾರಕ್ಕೊಂದು ಉಪಾಂಗ; ಕನ್ನಡದ ಒಂದು ಸಾಲು ಕೆಟ್ಟು ಕಂಡರೆ ಮಾತ್ರ, “ಇಂಗ್ಲಿಷಿನಲ್ಲೇ ಬರೆದುಬಿಡಿ ಸಾರ್” ಎಂಬ ಉಪದೇಶ. ಮೂವತ್ತು ಉಪಾಂಗಗಳನ್ನು ಪೋಣಿಸುವಷ್ಟು ಬಿಡುವಿದ್ದವರಿಗೆ ಮಾತೃಭಾಷೆಗಾಗಿ ಮೂರು ಸಾಲು ಬರೆಯಲು ಬಿಡುವಿಲ್ಲವೆ? ದೋಷ ಎಡಿಟರಿನದೇ ಆಗಿದ್ದರೆ ಅದನ್ನು ವಿವರವಾಗಿ ಬರೆದು ತಯಾರಕರಿಗೆ ತಿಳಿಸುವುದೂ ಅವರಿಗೆ ಬಲ್ಲ ಕೆಲಸವೇ. ಹೇಳದವರ ನೋವು ವೈದ್ಯನಿಗೆ ತಿಳಿಯುವುದು ಹೇಗೆ?

ನನ್ನ ಕೇಳಿಕೆ ದೊಡ್ಡದಲ್ಲ. ಕನ್ನಡ ಎಂ. ಎ. ತರಗತಿಗಳಲ್ಲಿ ಗ್ರಂಥಸಂಪಾದನೆಯ ಪಾಠದ ಜೊತೆಗೆ ಕೆಲವು ಗಂಟೆಗಳನ್ನು ಇದಕ್ಕೆ ಮೀಸಲಿಡಲಿ: ಯೂನಿಕೋಡಿನಲ್ಲಿ ಅಕ್ಷರ ಹೇಗೆ ಕುಳಿತಿದೆ, ಅನುಸ್ವಾರ ಯಾವುದು, ಸೊನ್ನೆ ಯಾವುದು, ಎಡಿಟರ್ ಕೆಟ್ಟರೆ ಅರೆವಾಸಿ ಮಾಡಿ ಹುಡುಕುವುದು ಹೇಗೆ. ಇಂದು ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಲವು ಕಡೆ ನಡೆಯುತ್ತಿದೆ. ಈಗ ಸೇರಿಕೊಂಡ ತಪ್ಪು ಪ್ರತಿಯಿಂದ ಪ್ರತಿಗೆ ಹರಿದು ನಾಳೆಯ ನಿಘಂಟುಗಳಿಗೂ ಪದಸೂಚಿಗಳಿಗೂ ಮುಟ್ಟುತ್ತದೆ. ಮುಂದಿನ ವಿದ್ಯಾರ್ಥಿ ಒಂದು ಮಾತನ್ನು ಹುಡುಕಿ, ಕಾಣದೆ, ಇದು ಕನ್ನಡದಲ್ಲಿ ಇರಲೇ ಇಲ್ಲವೆಂದು ಬರೆದಿಟ್ಟರೆ ಆ ಪಾಪ ಯಂತ್ರಕ್ಕೆ ತಟ್ಟುವುದಿಲ್ಲ, ನಮಗೆ ತಟ್ಟುತ್ತದೆ.